ಜಾರ್ಜ್‌ಗೆ ಬಂದ ಎರಡು ಫೋನ್ ಕರೆಗಳು

ಕ್ರಿಸ್ಟೋಫರ್ ಇಶರ್‌ವುಡ್ 1964ರಲ್ಲಿ ಬರೆದ ‘ಎ ಸಿಂಗಲ್ ಮ್ಯಾನ್’ ಕಾದಂಬರಿಯನ್ನೂ, 2009ರಲ್ಲಿ ಟಾಮ್ ಫೋರ್ಡ್ ಮಾಡಿದ ಅದರ ಸಿನಿಮಾವನ್ನೂ ಹೋಲಿಸಲು ಕೂತಾಗ, ಏನು ಬಿಟ್ಟರು, ಏನು ಸೇರಿಸಿದರು ಎಂದು ಪಟ್ಟಿ ಮಾಡಲಿಲ್ಲ. ಸಾವಿನ ಸುದ್ದಿಯ ಫೋನ್ ಕರೆಯೊಂದನ್ನೇ ಹಿಡಿದೆ. ಕಾದಂಬರಿಯ ಆ ಸಾಲುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ. ಸಿನಿಮಾದ ದೃಶ್ಯವನ್ನು ಮೊದಲು ಧ್ವನಿ ಇಲ್ಲದೆ, ಆಮೇಲೆ ಧ್ವನಿಯೊಂದಿಗೆ ನೋಡಿದೆ.

1962ರ ಲಾಸ್ ಏಂಜಲೀಸ್. ಪ್ರೊಫೆಸರ್ ಜಾರ್ಜ್‌ನ ಸಂಗಾತಿ ಜಿಮ್ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಸಿನಿಮಾದಲ್ಲಿ, ಅಂತ್ಯಕ್ರಿಯೆ ಮನೆಯವರಿಗೆ ಮಾತ್ರ ಎಂದು ಜಿಮ್‌ನ ಸೋದರಸಂಬಂಧಿ ಹೇಳುತ್ತಾನೆ. ಜಾರ್ಜ್ ಆಗಿರುವ ಕಾಲಿನ್ ಫರ್ತ್ ದನಿ ಸಭ್ಯವಾಗೇ ಉಳಿಯುತ್ತದೆ, ಮುಖ ಒಳಗಿಂದ ಕುಸಿಯುತ್ತದೆ. ನಮ್ಮ ಸಿಟ್ಟಿಗೆ ಒಬ್ಬ ಸಿಗುತ್ತಾನೆ.

ಕಾದಂಬರಿಯಲ್ಲಿ ಜಿಮ್‌ನ ಅಂಕಲ್ ಜಾರ್ಜ್‌ನನ್ನು ಅಂತ್ಯಕ್ರಿಯೆಗೆ ಕರೆಯುತ್ತಾನೆ! ಬೇಡ ಎನ್ನುವವನು ಜಾರ್ಜ್. ಈ ರೂಮ್‌ಮೇಟ್ ಜಿಮ್‌ಗೇನೂ ಅಷ್ಟು ಆಪ್ತನಲ್ಲ ಎಂದುಕೊಂಡು ಅಂಕಲ್ ತಣ್ಣಗಾಗುತ್ತಾನೆ. ಫೋನ್ ಇಟ್ಟು ಐದು ನಿಮಿಷ ಕಳೆದ ಮೇಲೆ ಸುದ್ದಿ ಬಡಿಯುತ್ತದೆ. ಕತ್ತಲಲ್ಲಿ ಎಡವುತ್ತಾ ಗೆಳತಿ ಷಾರ್ಲಿಯ ಮನೆಗೆ ಓಡುತ್ತಾನೆ. ನನಗೆ ಇದೇ ಹೆಚ್ಚು ಕ್ರೂರ. ಹೋದರೆ ರೂಮ್‌ಮೇಟ್ ಆಗಿ ಹೋಗಬೇಕು, ರೂಮ್‌ಮೇಟ್ ಎಷ್ಟು ಅಳಬಹುದೋ ಅಷ್ಟೇ ಅಳಬೇಕು.

ಈ ಎಳೆ ಹಿಡಿದ ಮೇಲೆ ಉಳಿದ ವ್ಯತ್ಯಾಸಗಳೂ ಅರ್ಥವಾಗತೊಡಗಿದವು. ಸಿನಿಮಾದ ಜಾರ್ಜ್ ಪಿಸ್ತೂಲು ಹಿಡಿದು ಸಾಯಲು ಸಿದ್ಧನಾಗುತ್ತಾನೆ. ಚೆಲುವು ಕಂಡಾಗೆಲ್ಲ ಪರದೆಗೆ ಬಣ್ಣ ಏರುತ್ತದೆ. ಬಹಳ ಸುಂದರ ಸಿನಿಮಾ, ನಿಜ. ಕಾದಂಬರಿಯಲ್ಲಿ ಆತ್ಮಹತ್ಯೆಯ ಯೋಜನೆಯೇ ಇಲ್ಲ. ಅಲ್ಲಿ ಜಾರ್ಜ್ ತಿನ್ನುತ್ತಾನೆ, ಪಾಠ ಮಾಡುತ್ತಾನೆ, ದ್ವೇಷಿಸುತ್ತಾನೆ. ಸ್ವಾಮಿ ಪ್ರಭವಾನಂದರ ಶಿಷ್ಯನಾಗಿ ಅವರೊಂದಿಗೆ ಗೀತೆಯನ್ನು ಇಂಗ್ಲಿಷಿಗೆ ತಂದವರು ಇಶರ್‌ವುಡ್. ಆದರೂ ಜಾರ್ಜ್‌ನನ್ನು ಸ್ಥಿತಪ್ರಜ್ಞನನ್ನಾಗಿಸುವ ಆತುರ ಅವರಿಗಿಲ್ಲ.

ಸಿನಿಮಾ ಕೈಬಿಟ್ಟ ಡೋರಿಸ್ ಪ್ರಸಂಗದಲ್ಲಿ ಇದು ಎದ್ದು ಕಾಣುತ್ತದೆ. ಹಿಂದೊಮ್ಮೆ ಜಿಮ್ ಜೊತೆ ಮೆಕ್ಸಿಕೊಗೆ ಹೋಗಿದ್ದ ಡೋರಿಸ್ ಈಗ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ನೋಡಲು ಹೋದ ಜಾರ್ಜ್‌ಗೆ ಅವಳ ಮೇಲಿನ ದ್ವೇಷ ಆರಿಹೋಗಿರುವುದು ತಿಳಿಯುತ್ತದೆ. ಅದು ಅವನಿಗೆ ಬಿಡುಗಡೆಯಲ್ಲ. ಅವಳನ್ನು ದ್ವೇಷಿಸುತ್ತಿದ್ದಷ್ಟು ದಿನ ಅವಳಲ್ಲಿ ಜಿಮ್‌ನ ಒಂದು ಚೂರು ಉಳಿದಿತ್ತು, ಈಗ ಅದೂ ಹೋಯಿತು.