ಒಂದೇ ಕಂಬದ ಯುದ್ಧನೌಕೆ: ಮರದ ಮಾದರಿ ಹಡಗು ಕಟ್ಟಿದ ನನ್ನ ಅನುಭವ

ಮರದ ಮಾದರಿ ಹಡಗು ಕಟ್ಟಬೇಕು ಅಂತ ಆಸೆಪಟ್ಟ ಯಾರನ್ನೇ ಕೇಳಿ, ಅವರ ಕಣ್ಣು ಮೊದಲು ಹೋಗುವುದು ವಿಕ್ಟರಿ ಮೇಲೆ. ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ ಪ್ರಾಣ ಬಿಟ್ಟ ಹಡಗು ಅದು. ಮೂರು ಕಂಬ, ನೂರಕ್ಕೂ ಜಾಸ್ತಿ ತೋಪು, ಮೈತುಂಬ ಹಗ್ಗ. ನನಗೂ ಅದೇ ಬೇಕಿತ್ತು. ಆದರೆ ಒಂದು ಸಣ್ಣ ಲೆಕ್ಕ ಹಾಕಿದೆ. ಒಂದು ತೋಪಿನ ಕಿಂಡಿಯನ್ನು ನಾಲ್ಕೂ ಮೂಲೆ ಸರಿಯಾಗಿ ಕೊರೆಯಲು ಅರ್ಧ ಸಂಜೆ ಬೇಕು ಅಂದುಕೊಳ್ಳಿ. ಹಾಗಾದರೆ ನೂರು ಕಿಂಡಿಗೆ? ಅಲ್ಲಿಗೆ ವಿಕ್ಟರಿ ಆಸೆ ಬಿಟ್ಟೆ. ಒಂದೇ ಕಂಬದ ಶೆರ್ಬೋರ್ನ್ ಕಿಟ್ ತರಿಸಿದೆ.

ಶೆರ್ಬೋರ್ನ್ ಬ್ರಿಟಿಷ್ ನೌಕಾಪಡೆಯ ಕಟ್ಟರ್. ಕಟ್ಟರ್ ಅಂದರೆ ಒಂದೇ ಕಂಬಕ್ಕೆ ಹಡಗಿನ ಗಾತ್ರಕ್ಕೆ ಮೀರಿದ ಹಾಯಿ ಕಟ್ಟಿಕೊಂಡು ಓಡುವ ಪುಟ್ಟ, ಚುರುಕು ಹಡಗು. ಇದು 1763ರಲ್ಲಿ ಥೇಮ್ಸ್ ದಂಡೆಯ ವುಲಿಚ್ ಹಡಗುಕಟ್ಟೆಯಲ್ಲಿ ನೀರಿಗಿಳಿಯಿತು. ನಕ್ಷೆ ಥಾಮಸ್ ಸ್ಲೇಡ್ ಅವರದ್ದು. ವಿಕ್ಟರಿಯ ನಕ್ಷೆಯೂ ಅವರದ್ದೇ. ಇದರ ಕೆಲಸ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಕಳ್ಳಸಾಗಣೆದಾರರನ್ನು ಅಟ್ಟಿಸಿಕೊಂಡು ಹೋಗುವುದು. ಕಳ್ಳಮಾಲಿನಲ್ಲಿ ಬ್ರಾಂದಿ ಇತ್ತು, ಲೇಸ್ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಟೀ ಪುಡಿ ಇತ್ತು! ಟೀ ಮೇಲಿನ ತೆರಿಗೆ ನೂರು ಪರ್ಸೆಂಟ್ ದಾಟಿತ್ತು. 1784ರಲ್ಲಿ ಸರ್ಕಾರ ಅದನ್ನು ಹನ್ನೆರಡೂವರೆಗೆ ಇಳಿಸಿದ ಮೇಲೆ ಆ ಕಳ್ಳವ್ಯಾಪಾರದ ಲಾಭವೇ ಹೋಯಿತು. ಶೆರ್ಬೋರ್ನ್ ಅನ್ನು ಮಾರಿದ್ದೂ ಅದೇ ವರ್ಷ.

ನಿಜವಾದ ಹಡಗಿನ ಡೆಕ್ ಉದ್ದ ಐವತ್ತನಾಲ್ಕೂವರೆ ಅಡಿ. ನನ್ನ ಮಾದರಿ 1:64 ಅಳತೆಯದು. ಅಂದರೆ ಒಡಲು ಸುಮಾರು 26 ಸೆಂಟಿಮೀಟರ್. ದೊಡ್ಡ ಹಡಗಿನಲ್ಲಿ ನೂರು ಸಲ ಮಾಡಬೇಕಾದ ಕೆಲಸ ಇಲ್ಲಿ ನಾಲ್ಕೈದು ಸಲಕ್ಕೆ ಮುಗಿಯುತ್ತದೆ. ಕಲಿಯುವ ಕೆಲಸ ಮಾತ್ರ ಒಂದೂ ಕಡಿಮೆಯಾಗುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ ಅಂತ ನನ್ನ ಅಭಿಪ್ರಾಯ.

ಸಲಕರಣೆಗೆ ಹೆಚ್ಚು ದುಡ್ಡು ಸುರಿಯಬೇಡಿ. ಒಂದು ಚೂಪು ಕಟ್ಟರ್ ಚಾಕು, ಸ್ಟೀಲ್ ಸ್ಕೇಲ್, ಸಣ್ಣ ಅರಗಳು, ಕೈಯಲ್ಲಿ ತಿರುಗಿಸುವ ಪುಟಾಣಿ ಡ್ರಿಲ್, ಚಿಮಟ, ಬಟ್ಟೆ ಒಣಹಾಕುವ ಕ್ಲಿಪ್ಪು, ಉಪ್ಪು ಕಾಗದ, ಫೆವಿಕಾಲ್. ಒಂದು ಸಣ್ಣ ಉಳಿ ಇದ್ದರೆ ಅನುಕೂಲ. ನನ್ನ ಉಳಿಯನ್ನು ನಮ್ಮ ರಸ್ತೆ ಕೊನೆಯಲ್ಲಿ ಬಾಗಿಲು, ಕಿಟಕಿ ಮಾಡುವ ಆಚಾರ್ರ ಹತ್ತಿರ ಒಯ್ದೆ.

"ಇಷ್ಟು ಸಣ್ಣ ಉಳೀಲಿ ಏನ್ ಕೆತ್ತುತೀರ ಸಾರ್?"

"ಹಡಗು, ಆಚಾರ್ರೇ."

ಅವರು ನಗಲಿಲ್ಲ. ಉಳಿಯ ಬಾಯನ್ನು ಬೆರಳಲ್ಲಿ ಸವರಿ ನೋಡಿದರು. "ಮೊದ್ಲು ಮಸೆಯೋದು ಕಲೀರಿ. ಮೊಂಡ ಉಳಿ ಮರ ಕಡಿಯಲ್ಲ ಸಾರ್, ಸಿಗಿಯುತ್ತೆ" ಅಂದರು. ಕಲ್ಲಿನ ಮೇಲೆ ನೀರು ಹಾಕಿ, ಉಳಿಯ ಕೋನ ಅಲುಗದ ಹಾಗೆ ಎಳೆಯುವುದನ್ನು ಕೈ ಹಿಡಿದು ತೋರಿಸಿದರು. ಮುಂದೆ ಬಂದ ಕೆಲಸಕ್ಕೆಲ್ಲ ಆ ಪಾಠವೇ ಆಧಾರ.

ಈ ಬಗೆಯ ಕಿಟ್‌ನಲ್ಲಿ ಮೊದಲು ಸಿಗುವುದು ಪ್ಲೈವುಡ್‌ನ ಒಂದು ಉದ್ದ ಹಲಗೆ. ಅದು ಹಡಗಿನ ಬೆನ್ನೆಲುಬು. ಅದರಲ್ಲಿ ಕೊರೆದಿರುವ ಸೀಳುಗಳಲ್ಲಿ ಅಡ್ಡ ಚೌಕಟ್ಟುಗಳು ಕೂರುತ್ತವೆ. ಈ ಬೆನ್ನೆಲುಬು ನೆಟ್ಟಗಿದೆಯಾ ಅಂತ ಗಾಜಿನ ಮೇಲಿಟ್ಟು ನೋಡಿ. ಚೂರು ಬಾಗಿದ್ದರೂ ಒದ್ದೆ ಮಾಡಿ, ಭಾರ ಹೇರಿ, ಒಣಗಲು ಬಿಡಿ. ಚೌಕಟ್ಟುಗಳನ್ನು ಅಂಟಿಸುವಾಗ ಪ್ರತಿಯೊಂದಕ್ಕೂ ಮೂಲೆಮಟ್ಟ ಹಿಡಿದೆ. ಇಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೆ ಡೆಕ್ ಸೊಟ್ಟ, ಕಂಬ ಸೊಟ್ಟ, ಎಲ್ಲ ಸೊಟ್ಟ.

ಆಮೇಲೆ ಬರುವುದು ಯಾರ ಕಣ್ಣಿಗೂ ಬೀಳದ, ಆದರೆ ಇಡೀ ಹಡಗು ನಿಂತಿರುವ ಕೆಲಸ. ಚೌಕಟ್ಟುಗಳ ಅಂಚು ಕಿಟ್‌ನಲ್ಲಿ ಚೌಕವಾಗಿ ಬರುತ್ತದೆ. ಹಡಗಿನ ಮೈಯೋ ಮೂತಿ ಹತ್ತಿರ ಒಳಕ್ಕೆ ತಿರುಗುತ್ತದೆ. ಹಾಗಾಗಿ ಮುಂದಿನ ಮತ್ತು ಹಿಂದಿನ ಚೌಕಟ್ಟುಗಳ ಅಂಚನ್ನು ಓರೆಯಾಗಿ ತಿಕ್ಕಬೇಕು. ಉದ್ದ ಕಡ್ಡಿಗೆ ಉಪ್ಪು ಕಾಗದ ಅಂಟಿಸಿಕೊಂಡು, ಒಟ್ಟಿಗೆ ಮೂರು ನಾಲ್ಕು ಚೌಕಟ್ಟಿನ ಮೇಲೆ ಆಡಿಸಿದೆ. ಆಗಾಗ, ಚೌಕಟ್ಟುಗಳ ಮೇಲೆ ಹೊದಿಸುವ ಮರದ ಪಟ್ಟಿಯೊಂದನ್ನು ಬಾಗಿಸಿ ಇಟ್ಟು ನೋಡಿದೆ. ಪಟ್ಟಿ ಅಂಚಿನ ಪೂರ್ತಿ ದಪ್ಪಕ್ಕೂ ತಾಗಬೇಕು. ಬರೀ ಮೂಲೆಗೆ ತಾಗಿದರೆ ಇನ್ನೂ ತಿಕ್ಕಬೇಕು. ಹಿಂಬದಿಯಲ್ಲಿ ಬೆನ್ನೆಲುಬಿನ ಕೆಳತುದಿಯನ್ನೂ ತೆಳ್ಳಗೆ ಮಾಡಬೇಕು. ಎರಡೂ ಪಕ್ಕದಿಂದ ಎರಡೆರಡು ಪದರ ಪಟ್ಟಿ ಬಂದು ಕೂತಾಗ ಒಟ್ಟು ದಪ್ಪ ಚುಕ್ಕಾಣಿ ತೂಗುಹಾಕುವ ಕಂಬದ ದಪ್ಪಕ್ಕೆ ಸರಿಹೋಗಬೇಕು. ಆಚಾರ್ರು ಮಸೆದುಕೊಟ್ಟ ಉಳಿ ದುಡಿದದ್ದು ಇಲ್ಲೇ. ಜನ ಈ ಹಂತವನ್ನು ಒಂದು ಸಂಜೆಯಲ್ಲಿ ಮುಗಿಸಲು ನೋಡುತ್ತಾರೆ. ನಾನು ವಾರಗಟ್ಟಲೆ ತಿಕ್ಕಿದೆ. ಮನೆಯವರಿಗೆ ಧೂಳಿನ ಮೇಲೆ ಸಿಟ್ಟು, ನಾನು ಬಾಲ್ಕನಿಗೆ ವರ್ಗ.

ಪಟ್ಟಿ ಹಾಕುವುದು ಎರಡು ಪದರದಲ್ಲಿ. ಒಳಗಿನದು ಮೆತ್ತನೆ ಲೈಮ್ ಮರ (ನಿಂಬೆಯಲ್ಲ, ಲಿಂಡನ್), ಹೊರಗಿನದು ತೆಳ್ಳನೆ ವಾಲ್‌ನಟ್. ಈ ಕಟ್ಟರ್‌ನ ಮೂತಿ ದುಂಡಗೆ ಉಬ್ಬಿಕೊಂಡಿದೆ. ಆದ್ದರಿಂದ ಪಟ್ಟಿ ಒಂದೇ ಸಲಕ್ಕೆ ಎರಡು ದಿಕ್ಕಿಗೆ ತಿರುಗಬೇಕು. ಪಟ್ಟಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ಬಿಸಿ ಇಸ್ತ್ರಿಪೆಟ್ಟಿಗೆಯ ಅಂಚಿಗೆ ಒತ್ತಿ ನಿಧಾನಕ್ಕೆ ಬಾಗಿಸಿದೆ. ಹಬೆ ಏಳುವಾಗ ಮರ ಸೋಲುವುದು ಬೆರಳಿಗೇ ಗೊತ್ತಾಗುತ್ತದೆ. ಒಣಗುವ ತನಕ ಕ್ಲಿಪ್ ಹಾಕಿಟ್ಟು, ಆಮೇಲೆ ಅಂಟು. ಒದ್ದೆ ಪಟ್ಟಿಯನ್ನೇ ಅಂಟಿಸಿದರೆ ಒಣಗುವಾಗ ಕುಗ್ಗಿ ಸಂದು ಬಿಡುತ್ತದೆ.

ಪಟ್ಟಿಯ ಅಗಲದ ಲೆಕ್ಕ ತಿಳಿದರೆ ಅರ್ಧ ಕೆಲಸ ಆಯಿತು. ಉದಾಹರಣೆಗೆ ನಡು ಚೌಕಟ್ಟಿನ ಮೇಲೆ ಡೆಕ್‌ನಿಂದ ತಳದ ತನಕ ಒಂದು ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 80 ಮಿಲಿಮೀಟರ್ ಬಂತು ಅಂದುಕೊಳ್ಳಿ. 4 ಮಿಲಿಮೀಟರ್ ಅಗಲದ ಪಟ್ಟಿ ಇಪ್ಪತ್ತು ಬೇಕು. ಅದೇ ಇಪ್ಪತ್ತೂ ಮೂತಿಯ ಹತ್ತಿರ 50 ಮಿಲಿಮೀಟರ್ ಜಾಗದಲ್ಲಿ ಕೂರಬೇಕು. ಅಂದರೆ ಅಲ್ಲಿ ಒಂದೊಂದೂ ಎರಡೂವರೆ ಮಿಲಿಮೀಟರ್‌ಗೆ ಕಿರಿದಾಗಬೇಕು. ಅರ್ಧಕ್ಕಿಂತ ಕಿರಿದು ಮಾಡಬಾರದು. ಅಷ್ಟು ಸಣ್ಣದಾಗುವಂತಿದ್ದರೆ ಎರಡು ಪಟ್ಟಿ ಸೇರುವ ಕಡೆ ಒಂದೇ ಅಗಲ ಪಟ್ಟಿ ಮುಂದುವರಿಸಿ. ಹಿಂಬದಿಯಲ್ಲಿ ಇದರ ತಿರುವುಮುರುವು. ಅಲ್ಲಿ ಜಾಗ ಹೆಚ್ಚಾಗಿ ಸಂದು ಉಳಿಯುತ್ತದೆ, ಅದಕ್ಕೆ ಚೂಪು ತುಂಡು ಸೇರಿಸಬೇಕು. ಇನ್ನೊಂದು ಮಾತು: ಎಡಕ್ಕೆ ಒಂದು ಪಟ್ಟಿ ಹಾಕಿದರೆ ಮುಂದಿನದು ಬಲಕ್ಕೆ. ಒಂದೇ ಪಕ್ಕ ಹಾಕುತ್ತ ಹೋದರೆ ಬೆನ್ನೆಲುಬು ಆ ಕಡೆಗೆ ಎಳೆದುಕೊಳ್ಳುತ್ತದೆ.

ಒಳಪದರ ಮುಗಿದಾಗ ನೋಡಲು ಚೆನ್ನಾಗಿರುವುದಿಲ್ಲ. ಚೆನ್ನಾಗಿರಬೇಕಾಗೂ ಇಲ್ಲ, ಮುಚ್ಚಿಹೋಗುತ್ತದೆ. ನುಣುಪು ಮಾತ್ರ ಇರಲೇಬೇಕು. ಇದಕ್ಕೆ ಒಂದು ಉಪಾಯವಿದೆ. ಇಡೀ ಒಡಲ ಮೇಲೆ ಪೆನ್ಸಿಲ್‌ನಲ್ಲಿ ಸುಮ್ನೆ ಗೀಚಿ, ಆಮೇಲೆ ತಿಕ್ಕಿ. ಉಬ್ಬಿರುವ ಕಡೆ ಗೀಟು ಬೇಗ ಅಳಿಸಿಹೋಗುತ್ತದೆ. ತಗ್ಗಿರುವ ಕಡೆ ಉಳಿಯುತ್ತದೆ. ಉಳಿದಲ್ಲಿ ಮರದ ಪುಡಿ, ಫೆವಿಕಾಲ್ ಕಲಸಿ ಮೆತ್ತಿ, ಮತ್ತೆ ಗೀಚಿ, ಮತ್ತೆ ತಿಕ್ಕಿ. ಮೇಲಿನ ವಾಲ್‌ನಟ್ ಪದರ ತೀರಾ ತೆಳ್ಳಗಿರುವುದರಿಂದ ಕೆಳಗಿನ ಒಂದು ಗುಳಿಯನ್ನೂ ಅದು ಮುಚ್ಚುವುದಿಲ್ಲ.

ಒಡಲಿನ ಕೆಳಭಾಗಕ್ಕೆ ಏನು ಬಣ್ಣ? ಹಳೆ ಯುದ್ಧನೌಕೆ ಅಂದರೆ ತಾಮ್ರದ ತಗಡು ಹೊದ್ದಿರಬೇಕು ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಬ್ರಿಟಿಷರು ತಾಮ್ರವನ್ನು ಅಲಾರ್ಮ್ ಎಂಬ ಹಡಗಿನ ಮೇಲೆ ಮೊದಲು ಪರೀಕ್ಷೆ ಮಾಡಿದ್ದು 1761ರಲ್ಲಿ. ತಾಮ್ರ ಮತ್ತು ಉಪ್ಪುನೀರು ಸೇರಿ ಒಳಗಿನ ಕಬ್ಬಿಣದ ಬೋಲ್ಟುಗಳನ್ನು ತಿಂದುಹಾಕಿದ್ದರಿಂದ ಇಡೀ ನೌಕಾಪಡೆಗೆ ಅದು ಬರಲು 1780ರ ಆಸುಪಾಸಿನ ತನಕ ಕಾಯಬೇಕಾಯಿತು. ಹಾಗಾಗಿ 1763ರ ಶೆರ್ಬೋರ್ನ್‌ಗೆ ತಾಮ್ರ ಒಪ್ಪುವುದಿಲ್ಲ. ಆಗ ಬಳಿಯುತ್ತಿದ್ದದ್ದು ತಿಮಿಂಗಿಲದ ಎಣ್ಣೆ, ರಾಳ, ಗಂಧಕ ಕಾಯಿಸಿದ ಒಂದು ಲೇಪ. ಬಣ್ಣ ಮಾಸಲು ಬಿಳಿ. ನಾನು ಬಿಳಿಗೆ ಒಂದೆರಡು ಹನಿ ಹಳದಿ, ಒಂದು ಹನಿ ಕಂದು ಬೆರೆಸಿ ಬಳಿದೆ. ಹಡಗು ನೀರಲ್ಲಿ ಮುಳುಗುವ ಮಟ್ಟದ ಗೆರೆ ಎಳೆಯಲು ಪೆನ್ಸಿಲ್ ಅನ್ನು ಪುಸ್ತಕಗಳ ರಾಶಿ ಮೇಲೆ ಕಟ್ಟಿ, ಹಡಗನ್ನು ಅಲುಗದ ಹಾಗೆ ನಿಲ್ಲಿಸಿ, ಪುಸ್ತಕಗಳನ್ನೇ ಸುತ್ತಲೂ ಸರಿಸಿದೆ. ಪುಸ್ತಕ ಬದಲಿಸಿದರೆ ಎತ್ತರ ಬೇಕಾದಷ್ಟು ಹೊಂದಿಸಬಹುದು.

ಡೆಕ್ ಖುಷಿ ಕೊಟ್ಟ ಕೆಲಸ. 4 ಮಿಲಿಮೀಟರ್ ಪಟ್ಟಿ ಅಂದರೆ ನಿಜದಲ್ಲಿ ಸುಮಾರು ಹತ್ತಿಂಚಿನ ಹಲಗೆ. ಆ ಹಲಗೆಗಳ ಸಂದಿನಲ್ಲಿ ನಾರು ತುರುಕಿ ಡಾಂಬರು ಹೊಯ್ಯುತ್ತಿದ್ದರು. ಮಾದರಿಯಲ್ಲಿ ಪಟ್ಟಿಯ ಅಂಚಿಗೆ ಮೆತ್ತನೆ ಪೆನ್ಸಿಲ್ ಉಜ್ಜಿದರೆ ಸಾಕು, ಸಂದಿನಲ್ಲಿ ಕೂದಲೆಳೆಯ ಕಪ್ಪು ಗೆರೆ ಕಾಣುತ್ತದೆ. ಮಾರ್ಕರ್ ಪೆನ್ ಮಾತ್ರ ಬೇಡ, ಶಾಯಿ ಮರದೊಳಗೆ ಹರಡುತ್ತದೆ.

ತೋಪುಗಳು 3 ಪೌಂಡ್ ಗುಂಡಿನವು. ಆ ಗುಂಡಿನ ಅಡ್ಡಳತೆ 7 ಸೆಂಟಿಮೀಟರ್, ನಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್‌ಗಿಂತ ಚೂರು ಜಾಸ್ತಿ! ಹಿತ್ತಾಳೆ ನಳಿಗೆಗಳನ್ನು ವಿನಿಗರ್‌ನಲ್ಲಿ ತೊಳೆದು, ಕಪ್ಪು ಮಾಡುವ ದ್ರಾವಣದಲ್ಲಿ ಅದ್ದಿದೆ. ಬಣ್ಣ ಬಳಿದರೆ ಅಂಚುಗಳು ದಪ್ಪವಾಗಿ ಕಾಣುತ್ತವೆ.

ಕಂಬಕ್ಕೆ ಚನ್ನಪಟ್ಟಣದ ಗೊಂಬೆಯವರು ಬಳಸುವ ಆಲೆ ಮರದ ತುಂಡು ಹುಡುಕಿ ತಂದೆ. ನೆಂಟರೊಬ್ಬರು "ತೇಗ ಹಾಕೋ, ನೂರು ವರ್ಷ ಇರುತ್ತೆ" ಅಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಕುಟುಂಬದವರು ಮಲಬಾರ್ ತೇಗದಲ್ಲಿ ಕಟ್ಟಿದ ಟ್ರಿಂಕೊಮಲಿ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಮಾದರಿಗೆ ಬೇಕಾದ ಗುಣ ಬೇರೆ. ತೇಗದ ಎಳೆ ಒರಟು. 1:64 ಅಳತೆಯಲ್ಲಿ ಅದರ ಒಂದೊಂದು ರಂಧ್ರವೂ ಬಿರುಕಾಗಿ ಕಾಣುತ್ತದೆ. ಆಲೆ ಮರದ ಎಳೆ ಕಣ್ಣಿಗೆ ಬೀಳುವುದೇ ಇಲ್ಲ, ಬಣ್ಣವೂ ದಂತದ್ದು. ಚೌಕ ಕಡ್ಡಿಯನ್ನು ಮೊದಲು ತುದಿಯ ಕಡೆಗೆ ಸಣ್ಣ ಮಾಡುತ್ತ ಬಂದೆ. ಮೂಲೆ ಹೆರೆದು ಎಂಟು ಮುಖ, ಮತ್ತೆ ಹೆರೆದು ಹದಿನಾರು ಮುಖ, ಕೊನೆಗೆ ಉಪ್ಪು ಕಾಗದದಲ್ಲಿ ಹಿಡಿದು ತಿರುಗಿಸಿದರೆ ದುಂಡು.

ಮೂತಿಯಿಂದ ಮುಂದಕ್ಕೆ ಚಾಚುವ ಕಂಬ ಕಟ್ಟರ್‌ನಲ್ಲಿ ನಟ್ಟನಡುವೆ ಇರುವುದಿಲ್ಲ. ಮೂತಿಯ ಒಂದು ಪಕ್ಕಕ್ಕೆ ಇರುತ್ತದೆ. ಬೇಕೆಂದಾಗ ಒಳಕ್ಕೆ ಎಳೆದುಕೊಳ್ಳಲು ಅದೇ ಅನುಕೂಲ. ನೋಡಿದವರೆಲ್ಲ "ಇದು ಸೊಟ್ಟ ಕೂತಿದೆಯಲ್ವಾ?" ಅಂತ ಕೇಳಿಯೇ ಕೇಳುತ್ತಾರೆ.

ಇನ್ನು ಹಗ್ಗ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿದಿರುತ್ತಾರೆ, ಅವು ಕಪ್ಪುಗಂದು. ಹಾಯಿ ಎಳೆಯುವವು ತಿಳಿ ಬಣ್ಣ. ಈ ಎರಡು ಬಣ್ಣ ಬೇರೆಯಾದರೆ ಹಡಗಿನ ಕಳೆಯೇ ಬದಲಾಗುತ್ತದೆ. ಪ್ರತಿ ದಾರವನ್ನೂ ಜೇನುಮೇಣದ ಉಂಡೆ ಮೇಲೆ ಎಳೆದು ಜುಂಗು ಕೂರಿಸಿದೆ. ಕಂಬದಿಂದ ಪಕ್ಕಕ್ಕೆ ಇಳಿಯುವ ಹಗ್ಗಗಳನ್ನು ಬಲಗಡೆ ಒಂದು ಜೋಡಿ, ಎಡಗಡೆ ಒಂದು ಜೋಡಿ ಅಂತ ಸರದಿಯಲ್ಲಿ ಹಾಕಬೇಕು. ಅವುಗಳಿಗೆ ಅಡ್ಡವಾಗಿ, ನಾವಿಕರು ಹತ್ತುವ ಮೆಟ್ಟಿಲು ಹಗ್ಗ ಬರುತ್ತದೆ. ನನ್ನ ಅಳತೆಯಲ್ಲಿ ಸುಮಾರು 6 ಮಿಲಿಮೀಟರ್‌ಗೊಂದು. ರಟ್ಟಿನ ಮೇಲೆ ಗೆರೆ ಹಾಕಿ ಹಿಂದೆ ನಿಲ್ಲಿಸಿಕೊಂಡರೆ ಅಂತರ ತಪ್ಪುವುದಿಲ್ಲ. ಪ್ರತಿ ಹಗ್ಗಕ್ಕೂ ಒಂದು ಗಂಟು. ದಾರವನ್ನು ಒಮ್ಮೆ ಸುತ್ತಿ, ತನ್ನ ಮೇಲೇ ದಾಟಿಸಿ, ಇನ್ನೊಮ್ಮೆ ಸುತ್ತಿ, ಅಡಿಯಲ್ಲಿ ತೂರಿಸಿ ಎಳೆಯುವುದು. ಅಮ್ಮ ಮಲ್ಲಿಗೆ ಕಟ್ಟುವಾಗ ಬೆರಳಲ್ಲಿ ಕುಣಿಕೆ ತಿರುಗಿಸಿ ಬಿಗಿಯುತ್ತಾಳಲ್ಲ, ಅದೇ ಬಳಗದ ಗಂಟು. ಅವಳಿಗೆ ತೋರಿಸಿದೆ. "ಜಾಸ್ತಿ ಬಿಗೀಬೇಡ ಕಣೋ, ಪಕ್ಕದ ದಾರ ಒಳಕ್ಕೆ ಬರುತ್ತೆ" ಅಂದಳು. ಸೊಂಟದ ಹತ್ತಿರ ಹಗ್ಗಗಳು ಒಳಕ್ಕೆ ಬಾಗುವುದು ಈ ಕೆಲಸದಲ್ಲಿ ಎಲ್ಲರೂ ಪಡುವ ಪಾಡು. ಒಂದು ಸಾಲು ಕಟ್ಟಿದ ಮೇಲೆ ದೂರ ನಿಂತು ನೋಡಿ ಮುಂದಿನದಕ್ಕೆ ಹೋದೆ.

ಗಂಟಿಗೆ ಫೆವಿಕ್ವಿಕ್ ಹಾಕಬೇಡಿ. ದಾರ ಕಡ್ಡಿಯಾಗಿ ಮುರಿಯುತ್ತದೆ, ಹೊಳಪೂ ಉಳಿಯುತ್ತದೆ. ನೀರು ಬೆರೆಸಿದ ಫೆವಿಕಾಲ್ ಒಂದು ಹನಿ ಸಾಕು, ಬೇಕಾದರೆ ನೆನೆಸಿ ಬಿಚ್ಚಲೂಬಹುದು. ಹಾಯಿ ನಾನು ಹಾಕಲಿಲ್ಲ. ಹತ್ತಿ ಬಟ್ಟೆ ಎಷ್ಟೇ ತೆಳ್ಳಗಿದ್ದರೂ ಈ ಅಳತೆಗೆ ಜಮಖಾನ. ಜೊತೆಗೆ ಕಷ್ಟಪಟ್ಟು ಕಟ್ಟಿದ ಹಗ್ಗವೆಲ್ಲ ಮುಚ್ಚಿಹೋಗುತ್ತದೆ.

ಮುಗಿದ ದಿನವೇ ಅಕ್ರಿಲಿಕ್ ಪೆಟ್ಟಿಗೆಗೆ ಹೇಳಿ. ನಮ್ಮೂರ ಧೂಳಿಗೆ ಒಂದು ತಿಂಗಳು ಸಾಕು, ಮೇಣ ಹಚ್ಚಿದ ದಾರದ ಮೇಲೆ ಕೂತರೆ ಒರೆಸಲು ಆಗುವುದಿಲ್ಲ. ಅಳತೆ ಕೊಡುವಾಗ ಒಡಲಿನ 26 ಸೆಂಟಿಮೀಟರ್ ಹೇಳಿ ಬಂದುಬಿಡಬೇಡಿ. ಮುಂದಿನ ಕಂಬ, ಹಿಂದಕ್ಕೆ ಚಾಚುವ ಹಾಯಿಯ ಬೊಂಬು ಸೇರಿ ಉದ್ದ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಸುತ್ತ ಐದು ಸೆಂಟಿಮೀಟರ್ ಬಿಡಿ, ತಳದಲ್ಲಿ ಗಾಳಿಯಾಡಲು ಒಂದೆರಡು ತೂತು ಕೊರೆಸಿ.