ಒಬ್ಬಳೇ ಹಪ್ಪಳ ಒತ್ತಲು ಕೂರಬೇಡಿ

ಹೋದ ವಾರ ನಮ್ಮ ಮೇಲಿನ ಮನೆಯ ಹುಡುಗಿ ಬಂದಿದ್ದಳು. ಮದುವೆಯಾಗಿ ಮೂರು ವರ್ಷ, ಒಂದು ಮಗು. "ಅಜ್ಜಿ, ಈ ವರ್ಷ ಅಂಗಡಿಯದ್ದು ಏನೂ ತರಲ್ಲ. ಹಪ್ಪಳ, ಉಪ್ಪಿನಕಾಯಿ, ಸೀಗೆಪುಡಿ, ಎಲ್ಲಾ ನಾನೇ ಮಾಡ್ತೀನಿ. ಎಲ್ಲಿಂದ ಶುರು ಮಾಡ್ಲಿ?" ಅಂದಳು. "ಜೊತೆಗೆ ಯಾರಿದ್ದಾರೆ?" ಅಂತ ಕೇಳಿದೆ. "ಯಾರೂ ಇಲ್ಲ, ನಾನೊಬ್ಬಳೇ." "ಹಾಗಾದರೆ ಶುರು ಮಾಡಲೇಬೇಡ" ಅಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ ಕೂರಿಸಿ ಕಾಫಿ ಕೊಟ್ಟು ಏನು ಹೇಳಿದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಸಾಗರದ ಕಡೆ. ಕೊಟ್ಟಿದ್ದು ಯಲ್ಲಾಪುರದ ಹತ್ತಿರದ ಅಡಿಕೆ ತೋಟದ ಮನೆಗೆ. ತವರಿನಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಾಳಿದ್ದು ನಮ್ಮ ಗದ್ದೆಗೆ ನೀವು ಬನ್ನಿ. ಕೂಲಿ ಇಲ್ಲ, ಊಟ ಇದೆ. ಗದ್ದೆಯ ಕೆಲಸಕ್ಕೆ ಹುಟ್ಟಿದ ಮಾತು ಅದು. ನನ್ನ ಅಮ್ಮ ಹಪ್ಪಳಕ್ಕೂ ಅದೇ ಮಾತು ಬಳಸುತ್ತಿದ್ದಳು. "ನಾಳೆ ಆಚೆಮನೆಗೆ ಮುಯ್ಯಾಳು" ಅಂದರೆ ಬೆಳಿಗ್ಗೆ ಆರಕ್ಕೇ ತಿಂಡಿ ಮುಗಿಸಿ ಹೊರಡುವುದು ಅಂತ ಅರ್ಥ. ಹಲಸಿನಕಾಯಿ ಬಲಿತಾಗಿನಿಂದ ಮೃಗಶಿರಾ ಮಳೆ ಹಿಡಿಯುವವರೆಗೆ, ಅಂದರೆ ಜೂನ್ ಮೊದಲ ವಾರದ ತನಕ, ಕೇರಿಯ ಏಳೆಂಟು ಮನೆಗೂ ಸರದಿ ಬರುತ್ತಿತ್ತು.

ಯಾಕೆ ಅಷ್ಟು ಜನ ಬೇಕು ಅಂತ ಹಲಸಿನಕಾಯಿ ಹಪ್ಪಳ ಮಾಡಿದವರಿಗೆ ಗೊತ್ತು. ಮಾಡದವರಿಗೆ ಹೇಳುತ್ತೇನೆ.

ಅರ್ಧ ಕೆಲಸ ಕಾಯಿ ಆರಿಸುವುದರಲ್ಲೇ ಇದೆ. ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಎಳೆಯದಾದರೆ ಹಿಟ್ಟಿಗೆ ಅಂಟು ಬರುವುದಿಲ್ಲ, ಒತ್ತುವಾಗಲೇ ಅಂಚು ಬಿರಿಯುತ್ತದೆ. ಹಣ್ಣಿಗೆ ತಿರುಗಿದ್ದರೆ ಒಳಗಿನ ಪಿಷ್ಟ ಆಗಲೇ ಸಕ್ಕರೆಯಾಗಿರುತ್ತದೆ. ಅಂಥ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕರಟುತ್ತದೆ, ಅರಳುವುದಿಲ್ಲ. ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಹಲಸಿನ ಮೇಣ ಸೋಪಿಗೆ ಜಪ್ಪಯ್ಯ ಅನ್ನುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ.

ಸೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ. ನೀರಿಗೆ ಹಾಕಿ ಬೇಯಿಸಿದರೆ ಹಿಟ್ಟು ನೀರಾಗುತ್ತದೆ. ಬೆರಳಲ್ಲಿ ಒತ್ತಿದರೆ ಸೊಳೆ ಮುರಿಯಬೇಕು, ಮುದ್ದೆಯಾಗಬಾರದು. ಇನ್ನು ಮುಂದೆ ಗಡಿಬಿಡಿ. ಬಿಸಿ ಬಿಸಿ ಇರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸಿನಪುಡಿ, ಜೀರಿಗೆ ಸೇರಿಸಿ ಕುಟ್ಟಬೇಕು. ಇಬ್ಬರು ಎದುರುಬದುರು ನಿಲ್ಲುತ್ತಿದ್ದರು. ಒಬ್ಬರ ಒನಕೆ ಮೇಲೆ ಹೋದಾಗ ಇನ್ನೊಬ್ಬರದು ಕೆಳಗೆ. ಹಿಟ್ಟು ಆರಿತೋ, ಗಟ್ಟಿಯಾಗಿ ಒತ್ತಲು ಬರುವುದಿಲ್ಲ. ಹಾಗಾಗಿ ಅವರು ಕುಟ್ಟುತ್ತಿದ್ದ ಹಾಗೇ ಇನ್ನೊಬ್ಬರು ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಬೇಕು, ಇಬ್ಬರು ಎಣ್ಣೆ ಸವರಿದ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಬೇಕು, ಒಬ್ಬರು ಚಾಪೆಯ ಮೇಲೆ ಹರಡಬೇಕು. ಒಲೆಯ ಮುಂದೆ ಒಬ್ಬರು ಹೇಗೂ ಬೇಕು. ಲೆಕ್ಕ ಹಾಕಿ, ಏಳು ಜನ ಆಯಿತಲ್ವಾ? ಅಜ್ಜಿಯಂದಿರು ಸುಮ್ನೆ ಊರೆಲ್ಲ ಸೇರಿಸುತ್ತಿರಲಿಲ್ಲ. ಹಿಟ್ಟು ಆರುವ ಮೊದಲು ಮುಗಿಸಬೇಕಾದ ಕೆಲಸ ಅದು.

ಎಂಟನೆಯವರು ಮಕ್ಕಳು. ಕಾಗೆ ಓಡಿಸುವುದು ಅವರ ಪಾಲು. ಕಪ್ಪು ಕೊಡೆ ಬಿಚ್ಚಿ ಚಾಪೆಯ ಪಕ್ಕ ಇಟ್ಟರೆ ಕಾಗೆ ಸ್ವಲ್ಪ ಹೆದರುತ್ತದೆ, ಆದರೂ ಮಕ್ಕಳೇ ಗಟ್ಟಿ. ಅವರ ಸಂಬಳ ಹಸಿ ಹಪ್ಪಳದ ಹಿಟ್ಟು. ಬಿಸಿ ಹಿಟ್ಟಿನ ಉಂಡೆಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ, ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ತಿನ್ನಬೇಕು. ನನಗೆ ಎಪ್ಪತ್ತೆರಡು. ಈಗಲೂ ಮೊದಲ ಉಂಡೆ ನನ್ನದೇ.

ಒಣಗಿಸುವಾಗ ಒಂದು ಕಿವಿಮಾತು. ಮೊದಲ ದಿನ ಸಂಜೆ ಹಪ್ಪಳ ಅರೆ ಒಣಗಿ ಇನ್ನೂ ಬಾಗುವ ಹಾಗಿರುತ್ತದೆ. ಆಗ ಒಂದರ ಮೇಲೊಂದು ಪೇರಿಸಿ ಮೇಲೆ ಮಣೆ ಹೇರಿಡಿ. ಮಾರನೆಯ ದಿನ ಮಗುಚಿ ಹಾಕಿ. ಹೀಗೆ ಮಾಡಿದರೆ ಸೊಟ್ಟಗಾಗುವುದಿಲ್ಲ, ಡಬ್ಬಿಯಲ್ಲಿ ಜಾಸ್ತಿ ಹಿಡಿಯುತ್ತವೆ. ಮೂರನೆಯ ದಿನ ಒಂದನ್ನು ಮುರಿದು ನೋಡಿ. ಕಟುಕ್ ಅಂತ ಸದ್ದು ಬರಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು ಅಂತಲೇ ಲೆಕ್ಕ.

ಇಷ್ಟೆಲ್ಲ ಗೊತ್ತಿದ್ದ ನಾನೇ ಬೆಂಗಳೂರಿಗೆ ಬಂದ ಮೊದಲ ವರ್ಷ ಒಬ್ಬಳೇ ಮಾಡಲು ಹೋದೆ. ಅಹಂಕಾರ, ಇನ್ನೇನು! ಮಾರುಕಟ್ಟೆಯಿಂದ ಒಂದು ಹಲಸಿನಕಾಯಿ ತರಿಸಿದೆ. ಮಿಕ್ಸಿಗೆ ಹಾಕಿದೆ, ಅದು ಎರಡು ಸುತ್ತಿಗೆ ಬಿಸಿಯಾಗಿ ನಿಂತಿತು. ಅಷ್ಟರಲ್ಲಿ ಉಳಿದ ಸೊಳೆ ತಣ್ಣಗಾಗಿತ್ತು. ಒತ್ತಿ ಮುಗಿಸುವಾಗ ಮಧ್ಯಾಹ್ನ ಮೂರು ಗಂಟೆ, ಬಿಸಿಲು ಇಳಿದಿತ್ತು. ಮರುದಿನ ಮೋಡ. ಒಣಗಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಡಬ್ಬಿ ತುಂಬಿದೆ. ಮೂರು ವಾರಕ್ಕೆ ಬೂಷ್ಟು. ಅಂಥದ್ದನ್ನು ಒರೆಸಿ ಕರಿಯಬೇಡಿ, ಎಸೆದುಬಿಡಿ. ನಾನು ಎಸೆಯುವಾಗ ಮಗ ನೋಡಿದ. ಬಾಯಿ ಬಿಡಲಿಲ್ಲ, ಸಂಜೆ ಅಂಗಡಿಯಿಂದ ಒಂದು ಪ್ಯಾಕೆಟ್ ತಂದಿಟ್ಟ. ಅದು ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು.

ಮಾರನೆಯ ವರ್ಷ ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಮಂಡ್ಯದ ಒಬ್ಬರು, ಧಾರವಾಡದವರು, ಉಡುಪಿಯವರು, ಬಿಹಾರದ ಒಬ್ಬ ಹುಡುಗಿ. ಐದು ಜನ ಸೇರಿದೆವು. ಈಗ ಒಂಬತ್ತು.

ಹೊಸದಾಗಿ ಗುಂಪು ಕಟ್ಟುವವರು ಹಲಸಿನಿಂದ ಶುರು ಮಾಡಬೇಡಿ. ಸಬ್ಬಕ್ಕಿ ಸಂಡಿಗೆ ಸುಲಭ. ರಾತ್ರಿ ಸಬ್ಬಕ್ಕಿ ನೆನೆಹಾಕಿ, ಬೆಳಿಗ್ಗೆ ಒಂದು ಲೋಟಕ್ಕೆ ನಾಲ್ಕೈದು ಲೋಟ ನೀರಿಟ್ಟು, ಕಾಳು ಕನ್ನಡಿಯ ಹಾಗೆ ಆಗುವವರೆಗೆ ಕಾಯಿಸಿ. ಹಸಿಮೆಣಸು, ಉಪ್ಪು, ಜೀರಿಗೆ ಹಾಕಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಉಪ್ಪು ಮಾತ್ರ ನಾಲಿಗೆಗೆ ಸ್ವಲ್ಪ ಕಡಿಮೆ ಅನ್ನಿಸಬೇಕು. ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಸಿಯಲ್ಲಿ ಸರಿ ಅನ್ನಿಸಿದ್ದು ಕರಿದಾಗ ಕಟು ಆಗುವುದು ಅದಕ್ಕೇ. ಬೆಂಗಳೂರಿನಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಮಂಡ್ಯದವರು ಅರಳು ಸಂಡಿಗೆ ಮಾಡುತ್ತಾರೆ, ಬೂದುಕುಂಬಳಕಾಯಿ ಹಾಕಿ. ನನ್ನ ಕೈಗೆ ಅದು ಇನ್ನೂ ಬಂದಿಲ್ಲ. ಅವರು ಅಳತೆ ಹೇಳುವುದಿಲ್ಲ, "ನೋಡ್ಕೊಂಡು ಹಾಕದು ಕಣಮ್ಮ" ಅನ್ನುತ್ತಾರೆ.

ಗುಂಪು ಒಡೆಯುವುದು ಸಂಡಿಗೆಯಿಂದ ಅಲ್ಲ, ಪಾಲಿನಿಂದ. ಮೊದಲ ವರ್ಷ ನಾವು ದುಡ್ಡು ಹಾಕಿ, ಮಾಡಿದ್ದನ್ನು ಎಣಿಸಿ ಹಂಚಿಕೊಂಡೆವು. ಒಬ್ಬರಿಗೆ ಮುರಿದದ್ದು ಜಾಸ್ತಿ ಬಂತು, ಇನ್ನೊಬ್ಬರು ಬಂದದ್ದೇ ಹನ್ನೊಂದು ಗಂಟೆಗೆ. ಮಾತು ಬೆಳೆಯಿತು. ಆಮೇಲೆ ಹಳೆಯ ದಾರಿಗೇ ಬಂದೆವು. ಒಂದು ದಿನ ಒಂದು ಮನೆಯ ಕೆಲಸ. ಸಾಮಾನು ಆ ಮನೆಯದ್ದು, ಆದದ್ದೆಲ್ಲ ಆ ಮನೆಗೇ. ಬಂದವರಿಗೆ ಊಟ, ಹೋಗುವಾಗ ರುಚಿಗೆ ಒಂದು ಡಜನ್. ಲೆಕ್ಕ ದಿನದ್ದು ಮಾತ್ರ. ನೀವು ಒಂದು ದಿನ ಬಂದಿದ್ದೀರಿ, ನಿಮಗೆ ಒಂದು ದಿನ ಬರಬೇಕು. ಚುರುಕು ಕೈ, ನಿಧಾನದ ಕೈ ಅಂತ ಭೇದ ಮಾಡಬೇಡಿ. ಮಂಡಿನೋವಿನವರಿಗೆ ಮೇಜಿನ ಮೇಲೆ ಉಂಡೆ ಕಟ್ಟುವ ಕೆಲಸ ಕೊಡಿ, ಅವರದ್ದೂ ಒಂದು ದಿನವೇ. ನಾನು ಇದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸ್ನೇಹ ಇದೆ, ಬರೆಯುವುದು ಯಾಕೆ ಅಂತ ಕೇಳಬೇಡಿ. ಬರೆದಿಟ್ಟಿದ್ದಕ್ಕೇ ಸ್ನೇಹ ಇನ್ನೂ ಇದೆ.

ತಾರಸಿಯ ವಿಷಯ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಒಮ್ಮೆ ತಕರಾರು ತೆಗೆದರು. ಎಣ್ಣೆ ಜಿಡ್ಡು, ಇರುವೆ ಅಂತ. ತಪ್ಪು ನಮ್ಮದೇ ಇತ್ತು. ಈಗ ಚಾಪೆಯ ಕೆಳಗೆ ಹಳೆಯ ಬೆಡ್‌ಶೀಟ್ ಹಾಸುತ್ತೇವೆ, ಸಂಜೆ ಗುಡಿಸಿ ಒರೆಸಿಯೇ ಇಳಿಯುವುದು. ಮೊದಲ ಬಾಣಲೆಯ ಹಪ್ಪಳ ಸೆಕ್ಯುರಿಟಿಯವರಿಗೆ ಮತ್ತು ಆ ಕಮಿಟಿಯವರ ಮನೆಗೆ. ತಕರಾರು ಅಲ್ಲಿಗೆ ಮುಗಿಯಿತು.

"ಇಷ್ಟು ಚೆನ್ನಾಗಿದೆ, ಮಾರಬಹುದಲ್ಲ" ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಮಾರಿದವರು ಇದ್ದಾರೆ ನೋಡಿ. 1959ರಲ್ಲಿ ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು, ತಮ್ಮ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್ ಪಾಪಡ್ ಆಯಿತು. ಕೈಮುಗಿಯಬೇಕು ಅವರಿಗೆ. ಆದರೆ ಅದು ಹೊಟ್ಟೆಪಾಡಿಗೆ ದಿನಾ ಮಾಡುವ ಕೆಲಸ. ನಮ್ಮದು ವರ್ಷಕ್ಕೆ ಒಂಬತ್ತು ಭಾನುವಾರದ್ದು. ಇದರಲ್ಲಿ ದರ, ಆರ್ಡರ್ ಅಂತ ಬಂದರೆ ನಾನು ಮೊದಲು ಎದ್ದು ಹೋಗುತ್ತೇನೆ.

ಮಳೆಗಾಲಕ್ಕೆ ಕೌದಿ, ಹಳೆಯ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆ. ಯಲ್ಲಾಪುರದ ಕಡೆ ಸಿದ್ದಿ ಜನ ಇದ್ದಾರೆ, ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಮರಿಗಳು. ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬ ಸಿದ್ದಿ ಅಮ್ಮನಿಂದ ನಾನು ಹೊಲಿಗೆ ಕಲಿತೆ. ಅವರು ಅಂಚಿನ ಮೂಲೆಯಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಬರುತ್ತಾರೆ, ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆ ಮೂಲೆಗೆ ಬಟ್ಟೆ ಮಡಚಿ ಚಿಕ್ಕ ತ್ರಿಕೋನ ಹೊಲಿಯುತ್ತಾರೆ, ಅದಕ್ಕೆ ಫುಲ, ಅಂದರೆ ಹೂವು, ಅನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. ಧಾರವಾಡದ ನಮ್ಮ ಗೆಳತಿ ಇದನ್ನು ನೋಡಿ, "ನಮ್ಮ ಕಡೆ ಹಿಂಗ ಹೊಲಿಯೂದಿಲ್ರಿ ಅಮ್ಮಾ" ಅಂತ ಮೂಗು ಮುರಿದರು. ಈಗ ಅವರದ್ದೂ ನನ್ನದೂ ಒಂದೇ ಕೌದಿಯಲ್ಲಿ ಎರಡು ಬಗೆ.

ಬಟ್ಟೆಗೆ ಹಳೆಯ ಹತ್ತಿ ಸೀರೆಯೇ ಆಗಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರವೂ ಜಾರುತ್ತದೆ. ಬಣ್ಣ ಬಿಡುತ್ತದೋ ಅಂತ ನೋಡಲು ಸೆರಗನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ತಿಕ್ಕಿ. ಕೆಂಪು ಹತ್ತಿದರೆ ಆ ಸೀರೆ ಒಳಪದರಕ್ಕೂ ಬೇಡ, ಒಗೆದಾಗ ಮೇಲಕ್ಕೆ ಬರುತ್ತದೆ. ನಾಲ್ಕೈದು ಪದರ ಸಾಕು. ಅದಕ್ಕಿಂತ ದಪ್ಪ ಮಾಡಿದರೆ ಸೂಜಿಯೂ ಮುರಿಯುತ್ತದೆ, ಒಗೆದದ್ದನ್ನು ಹಿಂಡಲು ಇಬ್ಬರು ಬೇಕಾಗುತ್ತದೆ. ಹಾಸಿ ಕೂತರೆ ನಾಲ್ಕು ಬದಿಯಿಂದ ನಾಲ್ಕು ಜನ ಹೊಲಿಯಬಹುದು, ಮಾತಿಗಂತೂ ಬರವಿಲ್ಲ. ಮಗು ಹುಟ್ಟುವ ಮನೆಗೆ ಮೊದಲ ಸರದಿ.

ಸೀಗೆಪುಡಿಗೆ ಜಾಸ್ತಿ ಹೇಳುವುದಿಲ್ಲ. ಸೀಗೆ, ಅಂಟುವಾಳ, ಸ್ವಲ್ಪ ಮೆಂತ್ಯ, ಎಲ್ಲ ಚೆನ್ನಾಗಿ ಒಣಗಿಸಿ ಒಟ್ಟಿಗೆ ಬೀಸಿಸಿ. ಹಿಟ್ಟಿನ ಗಿರಣಿಯವರು ಇದನ್ನು ಮುಟ್ಟುವುದಿಲ್ಲ, ಮುಂದಿನವರ ಗೋಧಿಹಿಟ್ಟು ಕಹಿಯಾಗುತ್ತದೆ. ಸೀಗೆ ಬೀಸುವ ಗಿರಣಿ ಬೇರೆ ಹುಡುಕಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಇಲ್ಲವಾದರೆ ದಾರಿಯುದ್ದಕ್ಕೂ ಸೀನು.

ಉಪ್ಪಿನಕಾಯಿ ಉಳಿಯಿತು. ಅಪ್ಪೆಮಿಡಿ, ಅಂದರೆ ನಮ್ಮ ಕಡೆಯ ಪರಿಮಳದ ಎಳೆ ಮಾವಿನಕಾಯಿ, ಊರಿನಿಂದ ಬರಬೇಕು. ಮರ ಹತ್ತಿ ತೊಟ್ಟು ಸಮೇತ ಕೊಯ್ದದ್ದೇ ಆಗಬೇಕು, ಕೆಳಗೆ ಬಿದ್ದ ಮಿಡಿ ಒಂದು ಸೇರಿದರೂ ಭರಣಿ ಪೂರ್ತಿ ಕೊಳೆಯುತ್ತದೆ. ಹರಳುಪ್ಪು, ಒಣಗಿದ ಭರಣಿ, ಒದ್ದೆ ಇಲ್ಲದ ಕೈ. ತೊಳೆದ ಮಿಡಿಯನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಬೇಕು. ಸಾವಿರ ಮಿಡಿ ಒರೆಸಲು ಎಷ್ಟು ಕೈ ಬೇಕೋ ನೀವೇ ಯೋಚಿಸಿ. ಮೇಲಿನ ಮನೆಯ ಹುಡುಗಿ ಹೋದ ಭಾನುವಾರ ಬೆಳಿಗ್ಗೆ ಏಳಕ್ಕೇ ಮಗುವನ್ನೂ ಎತ್ತಿಕೊಂಡು ತಾರಸಿಗೆ ಬಂದಿದ್ದಳು, ಮಂಡ್ಯದವರ ಸರದಿಗೆ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಒಂದು ಗೀಟು ಎಳೆದಿದ್ದೇನೆ. ನನಗೂ ಎರಡು ದಿನ ಬರಬೇಕಿದೆ. ಮಿಡಿ ಬಸ್ಸಿಗೆ ಹಾಕಿದ್ದೇವೆ ಅಂತ ಊರಿನಿಂದ ಫೋನ್ ಬಂದ ದಿನ ಕೇಳುತ್ತೇನೆ.