ಹೊಸ ಚರ್ಮದ ಬೂಟನ್ನು ಪಳಗಿಸುವುದು

ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಹೆಬ್ಬೆರಳು ಮುಂದೆ ತಾಗುತ್ತಿದ್ದರೆ ಯಾವ ಎಣ್ಣೆಯೂ ಅದನ್ನು ಸರಿಮಾಡದು, ಬೂಟನ್ನೇ ಬದಲಾಯಿಸಿ. ಪಕ್ಕದಲ್ಲಿ ತುಸು ಬಿಗಿಯಿದ್ದರೆ, ಹೆಜ್ಜೆ ಎತ್ತುವಾಗ ಹಿಮ್ಮಡಿ ಅರ್ಧ ಸೆಂಟಿಮೀಟರಿನಷ್ಟು ಎದ್ದರೆ ಚಿಂತೆ ಬೇಡ. ಹೊಸ ಅಟ್ಟೆ ಬಾಗದೆ ಸೆಟೆದು ನಿಂತಿರುವುದರಿಂದ ಹಾಗಾಗುತ್ತದೆ. ಬಾಗತೊಡಗಿದ ಮೇಲೆ ಕಡಿಮೆಯಾಗುತ್ತದೆ.

ಮೊದಲ ದಿನ ದಪ್ಪ ಕಾಲುಚೀಲದೊಂದಿಗೆ ಮನೆಯೊಳಗೇ ಒಂದು ಗಂಟೆ ಓಡಾಡಿ. ಕೂತಿದ್ದರೆ ಪ್ರಯೋಜನವಿಲ್ಲ, ಮೆಟ್ಟಿಲು ಹತ್ತಿ ಇಳಿಯಿರಿ. ಒಂದು ದಿನ ಬಿಟ್ಟು ಮತ್ತೆ ಹಾಕಿ, ಪ್ರತಿ ಸಲ ಅರ್ಧ ಗಂಟೆ ಹೆಚ್ಚಿಸಿ. ನಡುವಿನ ಬಿಡುವು ಬೆವರು ಆರಲಿಕ್ಕೆ. ದಪ್ಪ ಚರ್ಮಕ್ಕೆ ಎರಡು-ಮೂರು ವಾರ ಬೇಕಾದೀತು. ಲೇಸನ್ನು ಪಾದದ ಮೇಲೆ ಸಡಿಲವಾಗಿ, ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ. ಹಿಮ್ಮಡಿ ಜಾರಿದಷ್ಟೂ ಬೂಟು ಕಚ್ಚುತ್ತದೆ. ಕಚ್ಚುವ ಜಾಗಕ್ಕೆ ಕಾಲಿನ ಚರ್ಮ ಕೆಂಪಾಗುವ ಮೊದಲೇ ಪಟ್ಟಿ ಅಂಟಿಸಿ. ಗುಳ್ಳೆ ಎದ್ದಿತೆಂದರೆ ಅದು ಮಾಯುವವರೆಗೆ ಬೂಟು ಮುಟ್ಟಬೇಡಿ.

ಬೂಟನ್ನು ನೀರಲ್ಲಿ ನೆನೆಸಿ ಕಾಲಲ್ಲೇ ಒಣಗಿಸುವ ಹಳೆಯ ಉಪಾಯವೊಂದಿದೆ. ದಯವಿಟ್ಟು ಬೇಡ. ಒಣಗುವಾಗ ನೀರಿನ ಜೊತೆ ಚರ್ಮದೊಳಗಿನ ಜಿಡ್ಡೂ ಹೋಗಿ ಬಿರುಕು ಬಿಡುತ್ತದೆ. ಹೇರ್ ಡ್ರೈಯರ್ ಇನ್ನೂ ಕೆಟ್ಟದ್ದು: ಶಾಖಕ್ಕೆ ಚರ್ಮ ಮುದುಡುತ್ತದೆ, ಅಟ್ಟೆಯ ಅಂಟು ಬಿಡುತ್ತದೆ.

ಕಂಡಿಷನರ್, ಅಂದರೆ ಚರ್ಮಕ್ಕೆ ಹಚ್ಚುವ ಜಿಡ್ಡಿನ ಕ್ರೀಮು, ಬೂಟನ್ನು ಪಳಗಿಸುವುದಿಲ್ಲ, ಚರ್ಮ ಮಡಿಯುವಲ್ಲಿ ಸೀಳದಂತೆ ಕಾಯುತ್ತದೆ, ಅಷ್ಟೆ. ಲೇಸು ಬಿಚ್ಚಿ, ಧೂಳು ಬ್ರಷ್‌ನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಒಳಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ; ತಿಳಿ ಬಣ್ಣದ ಚರ್ಮ ಕಪ್ಪಾಗುವುದುಂಟು. ನಂತರ ಒಂದು ಬೂಟಿಗೆ ಬಟಾಣಿ ಗಾತ್ರದಷ್ಟು ತೆಗೆದುಕೊಂಡು, ಬಟ್ಟೆಯಿಂದ ತೆಳ್ಳಗೆ ಸವರಿ, ಸಾಲದಿದ್ದರೆ ಮಾತ್ರ ಮತ್ತಷ್ಟು ತೆಗೆದುಕೊಳ್ಳಿ. ನಾಲಿಗೆಯ (ಲೇಸಿನಡಿ ಇರುವ ಚರ್ಮದ ಪಟ್ಟಿಯ) ಮಡಿಕೆ, ಹೊಲಿಗೆಯ ಅಂಚು, ಬೆರಳ ಬಳಿ ಬಾಗುವ ಗೆರೆ, ಇವೇ ಹೆಚ್ಚು ಗಮನ ಕೇಳುವ ಜಾಗಗಳು. ರಾತ್ರಿ ಹಾಗೇ ಇಟ್ಟು, ಬೆಳಗ್ಗೆ ಉಳಿದದ್ದನ್ನು ಒರೆಸಿ ಬ್ರಷ್ ಮಾಡಿ. ಮಿತಿ ಮೀರಿದರೆ ಚರ್ಮ ಜೋಲಾಗಿ, ಕಣಕಾಲಿಗೆ ಆಸರೆ ಕೊಡುವ ಗಟ್ಟಿತನವೇ ಹೋಗುತ್ತದೆ. ಅಡುಗೆ ಎಣ್ಣೆ ಹಚ್ಚಬೇಡಿ, ಕ್ರಮೇಣ ಕಮಟಾಗಿ ನಾರುತ್ತದೆ.

ಎಣ್ಣೆಯಲ್ಲೇ ಹದ ಮಾಡಿದ ಚರ್ಮಕ್ಕೆ ಆರಂಭದಲ್ಲಿ ಏನೂ ಬೇಕಿಲ್ಲ. ಮೇಲ್ಮೈ ನವಿರಾದ ರೋಮದಂತಿರುವ ಸ್ವೀಡ್, ನುಬಕ್ ಚರ್ಮಗಳಿಗೆ ಈ ಕ್ರೀಮುಗಳನ್ನು ತಾಗಿಸಲೇಬೇಡಿ: ಆ ರೋಮ ಅಂಟಿಕೊಂಡು ಕಲೆಯಾಗುತ್ತದೆ. ಅವಕ್ಕೆ ಒಣ ಬ್ರಷ್ ಸಾಕು.